ಒಂದೇ ಕಾಯಿಗೆ ಮೂರು ಬೆಲೆ

ವಿಡಿಯೋ ಗೇಮಿನ ಸಂಗತಿಯನ್ನು ಕೊಬ್ಬರಿ ಸೀಮೆಯ ಪತ್ರಿಕೆಯಲ್ಲಿ ಯಾತಕ್ಕೆ ಎತ್ತುತ್ತೀರಿ ಎಂದು ಕೆಲವು ಓದುಗರು ಕೇಳಿಯಾರು. ಕೊಬ್ಬರಿಯ ಧಾರಣೆ, ಎಣ್ಣೆ ಗಿರಣಿಯ ಕೂಲಿ, ಅಂಗಡಿಯ ಬಾಡಿಗೆ ಇವೆಲ್ಲ ಇರುವಾಗ ಹುಡುಗಾಟಿಕೆಯ ಮಾತೇಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಇದು ಹುಡುಗಾಟಿಕೆಯಲ್ಲ. 2013ನೇ ಇಸವಿ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಒಂದೇ ಒಂದು ಆಟ ಮೊದಲ ಮೂರು ದಿನದಲ್ಲಿ 100 ಕೋಟಿ ಡಾಲರಿನ ವ್ಯಾಪಾರ ಮಾಡಿತು. ಆ ಆಟದ ಒಡೆಯರಿಗೆ ಬೆಂಗಳೂರಿನಲ್ಲಿ ಒಂದು ದೊಡ್ಡ ಕೆಲಸದ ಮನೆ ಇದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ದಾರಿಗಳು ಕೂಡುತ್ತವೆ. ತುರುವೇಕೆರೆ ಕಡೆಯಿಂದ, ಚಿಕ್ಕನಾಯಕನಹಳ್ಳಿ ಕಡೆಯಿಂದ, ತಿಪಟೂರು ಕಡೆಯಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ಬಸ್ಸು ಹಿಡಿದು ಬೆಂಗಳೂರಿನ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದಾರೆ. ಗಿರಣಿ ಕೂಲಿಯವರ ಮಕ್ಕಳೂ ಅವರಲ್ಲಿದ್ದಾರೆ. ಅವರು ಮಾಡುವ ಮಾಲು ಹೇಗೆ ಮಾರಾಟವಾಗುತ್ತದೆ, ಎಷ್ಟು ಸಲ ಮಾರಾಟವಾಗುತ್ತದೆ, ಅವರ ಪಾಲಿಗೆ ಬರುವುದೇನು ಎಂಬುದನ್ನು ತಿಳಿಯುವುದು ನಮ್ಮ ಕೆಲಸವೇ ಆಗಿದೆ.

ಮೊದಲು ವ್ಯಾಪಾರದ ಕಟ್ಟು ಹೇಗಿದೆ ಎಂದು ನೋಡೋಣ. ಟಿವಿಗೆ ತಗುಲಿಸಿ ಆಡುವ ಒಂದು ಪೆಟ್ಟಿಗೆ ಇದೆ. ಅದಕ್ಕೆ ಕನ್ಸೋಲ್ ಎಂದು ಹೆಸರು. ಈ ಪೆಟ್ಟಿಗೆ ಮಾಡುವವರು ಮುಖ್ಯವಾಗಿ ಮೂರೇ ಜನ. ಜಪಾನಿನ ಸೋನಿ, ಜಪಾನಿನದೇ ಆದ ನಿಂಟೆಂಡೊ, ಅಮೆರಿಕದ ಮೈಕ್ರೋಸಾಫ್ಟ್. ಸೋನಿಯವರ ಪೆಟ್ಟಿಗೆಯ ಹೆಸರು ಪ್ಲೇಸ್ಟೇಷನ್. ಮೊದಲನೆಯದು 1994ರಲ್ಲಿ, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ, ನಾಲ್ಕನೆಯದು 2013ರಲ್ಲಿ, ಐದನೆಯದು 2020ರಲ್ಲಿ ಹೊರಬಂದಿತು. ಆರೇಳು ವರ್ಷಕ್ಕೆ ಒಂದು ಪೀಳಿಗೆ ಎಂದು ಲೆಕ್ಕ. ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ 2001ರಲ್ಲಿ ಬಂದು, 2005, 2013, 2020ರಲ್ಲಿ ಪೀಳಿಗೆ ಬದಲಿಸಿತು.

ಪೆಟ್ಟಿಗೆಯಿಂದಲೇ ಅವರು ದುಡ್ಡು ಮಾಡುತ್ತಾರೆಂದು ತಿಳಿಯಬೇಡಿ. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಸೋನಿಯವರು ಅದನ್ನು ಅಸಲಿಗಿಂತ ಕಡಿಮೆ ಬೆಲೆಗೆ, ನಷ್ಟ ತಿಂದು ಮಾರಿದರು. ನಷ್ಟ ತಿನ್ನಲು ಅವರು ಧರ್ಮಛತ್ರ ಇಟ್ಟವರಲ್ಲ. ಒಬ್ಬ ಸಾಹುಕಾರ ಊರಿಗೆಲ್ಲ ಗಾಣವನ್ನು ಅಗ್ಗಕ್ಕೆ ಕೊಟ್ಟು, ಆ ಗಾಣದಲ್ಲಿ ಆಡುವ ಪ್ರತಿ ಮಣ ಕೊಬ್ಬರಿಗೂ ತನಗೆ ಸುಂಕ ಬರಬೇಕೆಂದು ಕರಾರು ಬರೆಸಿಕೊಂಡರೆ ಹೇಗೋ ಹಾಗೆ. ಬೇರೆ ಕಂಪನಿಯವರು ತಯಾರಿಸಿದ ಆಟ ಆ ಪೆಟ್ಟಿಗೆಯ ಅಂಗಡಿಯಲ್ಲಿ ಮಾರಾಟವಾದರೆ ನೂರಕ್ಕೆ ಸುಮಾರು 30ರಂತೆ ಪೆಟ್ಟಿಗೆಯ ಒಡೆಯರಿಗೆ ಸಲ್ಲುವುದು ಈ ವ್ಯಾಪಾರದ ರೂಢಿ. ನಮ್ಮ ಮಂಡಿಯವರು ನೂರಕ್ಕೆ ಇಷ್ಟು ಎಂದು ಕಮಿಷನ್ ಹಿಡಿದರೆ ರೈತರು ಕೂಗುತ್ತಾರೆ. ಇಲ್ಲಿ ಮೂವತ್ತು ಹಿಡಿದರೂ ಯಾರೂ ಕೂಗುವುದಿಲ್ಲ, ಏಕೆಂದರೆ ಬೇರೆ ಮಂಡಿಯೇ ಇಲ್ಲ.

ಈಗ ಆಟ ತಯಾರಿಸುವ ಕಂಪನಿಯ ಜಾಗದಲ್ಲಿ ನಿಂತು ಯೋಚಿಸಿ. ಹೊಸ ಪೆಟ್ಟಿಗೆ ಬಂದ ವರ್ಷ ಅದನ್ನು ಕೊಂಡವರು ಕಡಿಮೆ. ಹಳೆಯ ಪೆಟ್ಟಿಗೆ ಕೋಟಿಗಟ್ಟಲೆ ಮನೆಯಲ್ಲಿದೆ. ಹೊಸದಕ್ಕೆ ಮಾತ್ರ ಆಟ ಮಾಡಿದರೆ ಗಿರಾಕಿ ಇಲ್ಲ. ಹಳೆಯದಕ್ಕೆ ಮಾತ್ರ ಮಾಡಿದರೆ ನಾಳೆಯ ಮಾರುಕಟ್ಟೆ ಕೈತಪ್ಪುತ್ತದೆ. ಹಾಗಾದರೆ ಬುದ್ಧಿವಂತ ವ್ಯಾಪಾರಿ ಮಾಡುವುದೇನು? ಮೊದಲು ಹಳೆಯವರಿಗೆ ಮಾರುತ್ತಾನೆ, ಒಂದು ವರ್ಷ ಬಿಟ್ಟು ಅದೇ ಮಾಲಿಗೆ ಹೊಸ ಬಣ್ಣ ಬಳಿದು ಹೊಸಬರಿಗೆ ಮಾರುತ್ತಾನೆ.

ಇದು ನಮ್ಮ ಊಹೆಯಲ್ಲ, ಇಸವಿ ತಾರೀಖು ಹೇಳುತ್ತೇವೆ. ನ್ಯೂಯಾರ್ಕಿನ ಟೇಕ್-ಟೂ ಎಂಬ ಕಂಪನಿಯ ಕೈಕೆಳಗೆ ರಾಕ್‌ಸ್ಟಾರ್ ಗೇಮ್ಸ್ ಎಂಬ ಸಂಸ್ಥೆ ಇದೆ. ಮೊದಲು ಹೇಳಿದ ಆಟ ಇವರದೇ, ಹೆಸರು ಗ್ರ್ಯಾಂಡ್ ಥೆಫ್ಟ್ ಆಟೋ 5. ಕಾರು ಕದಿಯುವ, ದರೋಡೆ ಮಾಡುವ ಕಥೆ. ಕಥೆಯ ನೀತಿಯ ಮಾತು ಬೇರೆ ದಿನಕ್ಕಿರಲಿ. 2013ರ ಸೆಪ್ಟೆಂಬರ್ 17ರಂದು ಅದು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎಂಬ ಹಳೆಯ ಪೆಟ್ಟಿಗೆಗಳಿಗೆ ಬಂದಿತು. ಹೊಸ ಪೆಟ್ಟಿಗೆಗಳು ಅಂಗಡಿಗೆ ಬಂದುದು ಅದೇ ವರ್ಷದ ನವೆಂಬರಿನಲ್ಲಿ. ಎರಡೇ ತಿಂಗಳ ಅಂತರ! ಹೊಸದು ಬರುತ್ತದೆಂಬುದು ಕಂಪನಿಗೆ ಗೊತ್ತಿರಲಿಲ್ಲವೇ? ಜಗತ್ತಿಗೆಲ್ಲ ಗೊತ್ತಿತ್ತು. ಆದರೆ ಹಳೆಯ ಪೆಟ್ಟಿಗೆಗಳು ಕಾಲಕ್ರಮದಲ್ಲಿ ಒಂದೊಂದೂ 8 ಕೋಟಿಗೂ ಮೀರಿ ಮಾರಾಟವಾದವು. ಆ ಗಿರಾಕಿಗಳನ್ನು ಬಿಡುವುದುಂಟೇ? 2014ರ ನವೆಂಬರ್ 18ರಂದು ಅದೇ ಆಟ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂದಿತು. 2015ರ ಏಪ್ರಿಲಿನಲ್ಲಿ ಕಂಪ್ಯೂಟರಿಗೆ. 2022ರ ಮಾರ್ಚ್ 15ರಂದು ಮೂರನೆಯ ಪೀಳಿಗೆಗೆ, ಅಂದರೆ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸಿಗೆ. ಇಷ್ಟರಲ್ಲಿ ಅದರ ಮಾರಾಟ 20 ಕೋಟಿ ಪ್ರತಿ ದಾಟಿದೆ. ಹಳೆಯ ಎರಡು ಪೀಳಿಗೆಯಲ್ಲಿ ಹಣ ಕೊಟ್ಟು ಕೊಂಡವರಿಗೆ ಮೂರನೆಯದು ಪುಕ್ಕಟೆಯಾಗಿ ಬರಲಿಲ್ಲ. ಮತ್ತೆ ಬೆಲೆ ತೆರಬೇಕಾಯಿತು.

ಮಾರಾಟದ ಇನ್ನೊಂದು ಮಗ್ಗುಲನ್ನು ನೋಡಿ. ಅನೇಕರು ಕೂಡಿ ಆಡುವ ಭಾಗವೊಂದು ಈ ಆಟದಲ್ಲಿದೆ. ಅದು ಕಂಪನಿಯ ಯಂತ್ರಾಗಾರದ ಮೂಲಕ ನಡೆಯುತ್ತದೆ. ಹಳೆಯ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ರಲ್ಲಿ ಆ ಭಾಗವನ್ನು 2021ರ ಡಿಸೆಂಬರ್ 16ರಂದು ನಿಲ್ಲಿಸಿಬಿಟ್ಟರು. ಮೂರನೆಯ ಮಾರಾಟಕ್ಕೆ ಮೂರು ತಿಂಗಳು ಉಳಿದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಈ ಸರಣಿಯ ಹಳೆಯ ಮೂರು ಆಟಗಳಿಗೆ ಹೊಸ ರೂಪ ಕೊಟ್ಟು ನವೆಂಬರಿನಲ್ಲಿ ಮಾರುವುದಿತ್ತು. ಅದಕ್ಕೆ ಮುಂಚೆಯೇ ಹಳೆಯ ರೂಪವನ್ನು ಮಾರಾಟದ ಕಟ್ಟೆಯಿಂದ ಎತ್ತಿಬಿಟ್ಟರು. ಹೊಸ ರೂಪ ಬಂದಾಗ ತುಂಬ ಕೆಟ್ಟುಹೋಗಿತ್ತು, ಕುಂಟುತ್ತಿತ್ತು. ಗಿರಾಕಿಗಳು ಬೊಬ್ಬೆ ಹಾಕಿದರು. ಕಂಪನಿ ಕ್ಷಮೆ ಕೇಳಿ ಕಂಪ್ಯೂಟರಿನ ಹಳೆಯ ರೂಪವನ್ನು ಮತ್ತೆ ಮಾರಾಟಕ್ಕಿಟ್ಟಿತು. ಒಳ್ಳೆಯ ಕೊಬ್ಬರಿಯನ್ನು ಅಂಗಡಿಯಿಂದ ಎತ್ತಿಟ್ಟು ಬೂಸಲು ಹಿಡಿದುದನ್ನು ಹೊಸ ಬೆಳೆಯೆಂದು ಮಾರುವ ವರ್ತಕನನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಎರಡನೆಯ ದಿನ ಯಾರು ಮಾತಾಡಿಸುತ್ತಾರೆ?

ನಾವು ಮರುಮಾರಾಟವನ್ನೇ ಪಾಪವೆಂದು ಹೇಳುತ್ತಿಲ್ಲ. ಒಂದು ಪೆಟ್ಟಿಗೆಗೆ ಮಾಡಿದ ಆಟವನ್ನು ಇನ್ನೊಂದಕ್ಕೆ ಹೊಂದಿಸುವುದು ನಿಜವಾದ ಕೆಲಸ. ಅದಕ್ಕೂ ಜನ ಬೇಕು, ತಿಂಗಳುಗಳು ಬೇಕು. ನಿಂಟೆಂಡೊದವರು 2012ರಲ್ಲಿ ತಂದ ವೀ ಯು ಎಂಬ ಪೆಟ್ಟಿಗೆಯನ್ನು ಜನ ಕೊಳ್ಳಲೇ ಇಲ್ಲ. ಒಟ್ಟು ಮಾರಿದ್ದು ಒಂದು ಕೋಟಿ 35 ಲಕ್ಷದಷ್ಟು. ಅದಕ್ಕಾಗಿ 2014ರಲ್ಲಿ ಮಾಡಿದ ಮಾರಿಯೋ ಕಾರ್ಟ್ 8 ಎಂಬ ಒಳ್ಳೆಯ ಆಟ ಕೊಳ್ಳುವವರಿಲ್ಲದೆ ಮೂಲೆ ಸೇರಬೇಕಾಗಿತ್ತು. 2017ರಲ್ಲಿ ಸ್ವಿಚ್ ಎಂಬ ಹೊಸ ಪೆಟ್ಟಿಗೆಗೆ ಅದನ್ನು ಹೆಚ್ಚುವರಿ ಸೇರಿಸಿ ತಂದರು. 6 ಕೋಟಿಗೂ ಮೀರಿ ಹೋಯಿತು. ಕೈಗೆ ಸಿಗದೆ ಇದ್ದವರಿಗೆ ಸಿಕ್ಕಿತು. ಇದರಲ್ಲಿ ನಮಗೆ ದೊಡ್ಡ ತಕರಾರಿಲ್ಲ. ಮೈಕ್ರೋಸಾಫ್ಟಿನವರು 2020ರಲ್ಲಿ ಒಂದು ಸಲ ಕೊಂಡರೆ ಹಳೆಯ ಪೆಟ್ಟಿಗೆಯಲ್ಲೂ ಹೊಸ ಪೆಟ್ಟಿಗೆಯಲ್ಲೂ ಆಡಬಹುದೆಂಬ ಏರ್ಪಾಟನ್ನು ಕೆಲವು ಆಟಗಳಿಗೆ ಮಾಡಿದರು. ಅಂದರೆ ಮಾಡಲು ಆಗುವುದಿಲ್ಲ ಎಂಬ ಮಾತು ಸುಳ್ಳು.

ಆಗುತ್ತದೆ ಎಂಬುದಕ್ಕೆ ಇನ್ನೂ ಒಂದು ಸಾಕ್ಷಿ. ಸೋನಿಯವರು 2021ರ ಸೆಪ್ಟೆಂಬರಿನಲ್ಲಿ ಹೊರೈಜನ್ ಫರ್ಬಿಡನ್ ವೆಸ್ಟ್ ಎಂಬ ಮುಂಬರುವ ಆಟದ ಬೆಲೆಪಟ್ಟಿ ಹೊರಡಿಸಿದರು. ಅಗ್ಗದ ಪ್ರತಿ ಕೊಂಡವರಿಗೆ ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ದಾಟಲು ದಾರಿಯಿಲ್ಲವೆಂದು ಅದರಲ್ಲಿತ್ತು. ಹಿಂದೆ ಅವರೇ ಕೊಟ್ಟ ಮಾತಿಗೆ ಇದು ವಿರುದ್ಧ. ಗಿರಾಕಿಗಳು ಎದ್ದುನಿಂತರು. ಎರಡೇ ದಿನದಲ್ಲಿ ಸೋನಿಯವರು ಮಾತು ಹಿಂತೆಗೆದುಕೊಂಡು ಆ ಒಂದು ಆಟಕ್ಕೆ ದಾರಿಯನ್ನು ಪುಕ್ಕಟೆ ಬಿಟ್ಟರು. ಇನ್ನು ಮುಂದಿನ ತಮ್ಮ ಸ್ವಂತ ಆಟಗಳಿಗೆ 10 ಡಾಲರ್ ದಾಟುಸುಂಕ ಎಂದು ಅದೇ ಉಸಿರಿನಲ್ಲಿ ಸಾರಿದರು. ಕೂಗಿದಷ್ಟಕ್ಕೆ ಸಿಕ್ಕಿತು, ಕೂಗು ನಿಂತಲ್ಲಿ ನಿಂತಿತು.

ಇನ್ನು ನಮ್ಮ ದೇಶದ ಪಾಡು. ಪ್ಲೇಸ್ಟೇಷನ್ 5 ಜಗತ್ತಿನಲ್ಲಿ 2020ರ ನವೆಂಬರಿನಲ್ಲಿ ಬಂದರೆ ಭಾರತಕ್ಕೆ 2021ರ ಫೆಬ್ರವರಿ 2ಕ್ಕೆ ಬಂದಿತು, ಬೆಲೆ 49,990 ರೂಪಾಯಿ. ತೆಂಗಿನಪುಡಿ ಕಾರ್ಖಾನೆಯಲ್ಲಿ ಕಾಯಿ ಒಡೆಯುವ ಹೆಣ್ಣುಮಗಳು ಇದನ್ನು ತನ್ನ ದಿನಗೂಲಿಯಿಂದ ಭಾಗಿಸಿ ನೋಡಲಿ. ಆದುದರಿಂದಲೇ ಇಲ್ಲಿ ಹಳೆಯ ಪೀಳಿಗೆಗೆ ಆಯುಸ್ಸು ಹೆಚ್ಚು. ಭಾರತದಲ್ಲಿಯೇ ತಯಾರಾಗಿ ಪ್ಲೇಸ್ಟೇಷನ್ನಿಗೆ ಬಂದ ಮೊದಲನೆಯ ಆಟ ಹೈದರಾಬಾದಿನ ಔರೋನ ಸಂಸ್ಥೆಯ ಹನುಮಾನ್: ಬಾಯ್ ವಾರಿಯರ್. ಅದು 2009ರಲ್ಲಿ ಬಂದುದು ಪ್ಲೇಸ್ಟೇಷನ್ 2ಕ್ಕೆ. ಮೂರನೆಯ ಪೆಟ್ಟಿಗೆ ಹೊರಟು ಆಗಲೇ ಮೂರು ವರ್ಷ ಕಳೆದಿತ್ತು. ಶ್ರೀಮಂತ ದೇಶದವರು ಉಂಡೆದ್ದ ಮೇಲೆ ನಮ್ಮ ಪಂಕ್ತಿ.

ಬಡವನಿಗೆ ಈ ವ್ಯಾಪಾರದಲ್ಲಿ ಒಂದು ಕಿಂಡಿ ತೆರೆದಿತ್ತು. ಅದು ಸೆಕೆಂಡ್ ಹ್ಯಾಂಡ್ ಡಿಸ್ಕು. ಒಬ್ಬ ಆಡಿ ಮುಗಿಸಿದ ಆಟದ ತಟ್ಟೆಯನ್ನು ಅರ್ಧ ಬೆಲೆಗೆ ಇನ್ನೊಬ್ಬನಿಗೆ ಮಾರುತ್ತಾನೆ, ನಡುವೆ ಒಬ್ಬ ಸಣ್ಣ ಅಂಗಡಿಯವನಿಗೆ ನಾಲ್ಕು ಕಾಸು ಹುಟ್ಟುತ್ತದೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಎಷ್ಟೋ ಅಂಗಡಿಗಳು ಇಂಥ ಕೊಡುಕೊಳ್ಳುವಿಕೆಯಿಂದ ಬದುಕಿವೆ. 2013ರಲ್ಲಿ ಹೊಸ ಎಕ್ಸ್‌ಬಾಕ್ಸ್ ತರುವಾಗ ಮೈಕ್ರೋಸಾಫ್ಟಿನವರು ಈ ಕಿಂಡಿಗೆ ಬಾಗಿಲು ಹಾಕಲು ಹೊರಟಿದ್ದರು. ಡಿಸ್ಕನ್ನು ಕೊಂಡವನ ಹೆಸರಿಗೆ ಕಟ್ಟಿಹಾಕುವುದು, ದಿನಕ್ಕೊಮ್ಮೆ ಪೆಟ್ಟಿಗೆಯು ಇಂಟರ್ನೆಟ್ಟಿನ ಮೂಲಕ ಕಂಪನಿಗೆ ಹಾಜರಿ ಹಾಕಿಸುವುದು ಎಂಬ ನಿಯಮ. ಜನ ರೇಗಿದರು, ಪೆಟ್ಟಿಗೆ ಬರುವ ಮುಂಚೆಯೇ, ಜೂನ್ ತಿಂಗಳಲ್ಲಿ, ನಿಯಮ ರದ್ದಾಯಿತು. ಬಾಗಿಲಿನಿಂದ ಆಗದುದನ್ನು ಅವರು ಕಿಟಕಿಯಿಂದ ಮಾಡಿದರು. 2020ರ ಪೀಳಿಗೆಯಲ್ಲಿ ಸೋನಿಯವರೂ ಮೈಕ್ರೋಸಾಫ್ಟಿನವರೂ ಡಿಸ್ಕು ಹಾಕುವ ಬಾಯಿಯೇ ಇಲ್ಲದ ಅಗ್ಗದ ಪೆಟ್ಟಿಗೆಯನ್ನೂ ತಂದರು. ಭಾರತದಲ್ಲಿ ಸೋನಿಯ ಅಂಥ ಪೆಟ್ಟಿಗೆಗೆ 2021ರಲ್ಲಿ 39,990 ರೂಪಾಯಿ ಇತ್ತು. ಹತ್ತು ಸಾವಿರ ಉಳಿಯಿತೆಂದು ಬಡವ ಸಂತೋಷಪಟ್ಟು ಕೊಳ್ಳುತ್ತಾನೆ. ಆಮೇಲೆ ಪ್ರತಿಯೊಂದು ಆಟವನ್ನೂ ಕಂಪನಿಯ ಅಂಗಡಿಯಲ್ಲಿ, ಕಂಪನಿ ಹೇಳಿದ ಬೆಲೆಗೆ ಕೊಳ್ಳಬೇಕು. ಮಾರುವಂತಿಲ್ಲ, ತಮ್ಮನಿಗೆ ಕೊಡುವಂತಿಲ್ಲ. ಸಣ್ಣ ಅಂಗಡಿಯವನು ಲೆಕ್ಕದಿಂದಲೇ ಅಳಿಸಿಹೋದ.

ಅಷ್ಟು ಮಾತ್ರವಲ್ಲ, ಕೊಂಡೆನೆಂದು ತಿಳಿದ ಮಾಲೂ ಅವನದಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ ದಿ ಕ್ರೂ ಎಂಬ ಕಾರಿನ ಆಟವನ್ನು 2024ರ ಮಾರ್ಚ್ 31ರಂದು ಪೂರ್ತಿ ಆರಿಸಿಬಿಟ್ಟಿತು. ದುಡ್ಡು ಕೊಟ್ಟವನ ಮನೆಯಲ್ಲಿ ಡಿಸ್ಕು ಇದೆ, ಆಟ ಇಲ್ಲ. ಇದರ ವಿರುದ್ಧ ಯೂರೋಪಿನಲ್ಲಿ ಒಂದು ಅಹವಾಲು ಎದ್ದಿತು: ಆಟವನ್ನು ನಿಲ್ಲಿಸುವ ಕಂಪನಿ, ಕೊಂಡವರು ಮುಂದೆಯೂ ಆಡಲು ಬರುವಂಥ ಸ್ಥಿತಿಯಲ್ಲಿ ಅದನ್ನು ಬಿಟ್ಟುಹೋಗಬೇಕು ಎಂದು. 2025ರ ಜುಲೈ ಹೊತ್ತಿಗೆ ಅದಕ್ಕೆ 10 ಲಕ್ಷ ಸಹಿ ಮೀರಿತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಒಂದು ಕಾಯಿದೆ ಮಾಡಿ, ಹೀಗೆ ಕಿತ್ತುಕೊಳ್ಳಬಹುದಾದ ಮಾಲನ್ನು ಮಾರುವಾಗ ನೀವು ಕೊಳ್ಳುತ್ತಿರುವುದು ಬರಿಯ ಪರವಾನಗಿ ಎಂದು ಸ್ಪಷ್ಟವಾಗಿ ಹೇಳಲೇಬೇಕೆಂದು ವಿಧಿಸಿತು. ತೂಕದ ಬಟ್ಟಿಗೆ ಸರ್ಕಾರಿ ಮೊಹರು ಇರಬೇಕೆಂಬಷ್ಟು ಸಣ್ಣ ನ್ಯಾಯ ಅದು.

ಇಷ್ಟೂ ಕೊಳ್ಳುವವನ ಕಷ್ಟ. ಮಾಡುವವನ ಕಷ್ಟ ಇದಕ್ಕಿಂತ ಹಿರಿದು. ಪೀಳಿಗೆ ಬದಲಾಗುವ ವರ್ಷ ಕಂಪನಿಗೆ ಸುಗ್ಗಿ, ದುಡಿಯುವವನಿಗೆ ನಿದ್ದೆಗೇಡು.

ಪೋಲೆಂಡ್ ದೇಶದ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ಕಂಪನಿ ಸೈಬರ್‌ಪಂಕ್ 2077 ಎಂಬ ಆಟವನ್ನು 2020ರಲ್ಲಿ ಬಿಡುಗಡೆ ಮಾಡಬೇಕಾಗಿತ್ತು. ಹೊಸ ಪೆಟ್ಟಿಗೆಗಳು ಬರುತ್ತಿದ್ದ ವರ್ಷವೇ ಅದು. ಹಳೆಯ ಪೆಟ್ಟಿಗೆಯ ಕೋಟಿಗಟ್ಟಲೆ ಗಿರಾಕಿಯೂ ಬೇಕು, ಹೊಸ ಪೆಟ್ಟಿಗೆಯ ಹೆಸರೂ ಬೇಕು. ಏಪ್ರಿಲ್ ಎಂದರು, ಸೆಪ್ಟೆಂಬರ್ ಎಂದರು, ನವೆಂಬರ್ ಎಂದರು, ಕೊನೆಗೆ ಡಿಸೆಂಬರ್ 10 ಎಂದರು. ಕೊನೆಯ ಸಲ ಮುಂದೂಡಿದಾಗ ಕೊಟ್ಟ ಕಾರಣವನ್ನು ಗಮನಿಸಬೇಕು: ಹಳೆಯ ಹೊಸ ಪೆಟ್ಟಿಗೆಗಳೂ ಕಂಪ್ಯೂಟರೂ ಸೇರಿ ಒಂಬತ್ತು ರೂಪಗಳನ್ನು ಏಕಕಾಲಕ್ಕೆ ತಯಾರಿಸಿ ಪರೀಕ್ಷೆ ಮಾಡಬೇಕಾಗಿದೆ ಎಂದು. ಒಂಬತ್ತು ರೂಪ! ಕಡ್ಡಾಯವಾಗಿ ಹೆಚ್ಚು ಹೊತ್ತು ದುಡಿಸುವುದಿಲ್ಲವೆಂದು ಮೊದಲು ಮಾತು ಕೊಟ್ಟಿದ್ದ ಯಜಮಾನರು ಸೆಪ್ಟೆಂಬರ್ ಕೊನೆಗೆ ವಾರಕ್ಕೆ ಆರು ದಿನದ ದುಡಿಮೆಯನ್ನು ಹೇರಿದರು. ಆಟ ಬಂದಿತು. ಹಳೆಯ ಪೆಟ್ಟಿಗೆಯಲ್ಲಿ ನಡೆಯಲಾರದೆ ಮುಗ್ಗರಿಸಿತು. ಒಂದೇ ವಾರದಲ್ಲಿ ಸೋನಿಯವರು ಅದನ್ನು ತಮ್ಮ ಅಂಗಡಿಯಿಂದ ತೆಗೆದು ಹಣ ವಾಪಸು ಮಾಡತೊಡಗಿದರು. ಮತ್ತೆ ಮಾರಾಟಕ್ಕೆ ಬಂದುದು 2021ರ ಜೂನಿನಲ್ಲಿ. ಹಳೆಯ ಪೆಟ್ಟಿಗೆ ಆ ಆಟವನ್ನು ಹೊರಲಾರದು ಎಂಬುದು ಪರೀಕ್ಷೆ ಮಾಡಿದ ನೌಕರನಿಗೆ ಗೊತ್ತಿರದೆ ಇದ್ದೀತೇ? ಎತ್ತಿಗೆ ಹೆಚ್ಚು ಹೇರಾಯಿತೆಂಬುದು ಗಾಡಿ ಹೊಡೆಯುವವನಿಗೆ ಮೊದಲು ತಿಳಿಯುತ್ತದೆ. ಆದರೆ ಗಾಡಿ ಹೊರಡುವ ಮುಹೂರ್ತ ಇಡುವವನು ಅವನಲ್ಲ.

ರಾಕ್‌ಸ್ಟಾರಿನವರ ಮನೆಯ ಕಥೆಯೂ ಇದಕ್ಕೆ ದೂರವಲ್ಲ. 2018ರ ಅಕ್ಟೋಬರಿನಲ್ಲಿ ಅವರ ರೆಡ್ ಡೆಡ್ ರಿಡೆಂಪ್ಷನ್ 2 ಬರುವ ಹೊತ್ತಿಗೆ ಸಂಸ್ಥೆಯ ಹಿರಿಯರೊಬ್ಬರು ವಾರಕ್ಕೆ 100 ಗಂಟೆ ದುಡಿದುದನ್ನು ಪತ್ರಿಕೆಯ ಮುಂದೆ ಹೇಳಿದರು. ಗದ್ದಲವಾದ ಮೇಲೆ ಅದು ಕಥೆ ಬರೆಯುವ ನಾಲ್ಕು ಜನರ ಮೂರು ವಾರದ ಮಾತು ಎಂದು ಸ್ಪಷ್ಟನೆ ಬಂದಿತು. ಅದೇ ಆಟದಲ್ಲಿ, ಬಿಡುಗಡೆಗೆ ಮುಂಚೆ ಕೆಲಸ ಬಿಟ್ಟವರ ಹೆಸರುಗಳನ್ನು ಕೊನೆಯಲ್ಲಿ ತೋರಿಸುವ ಪಟ್ಟಿಗೆ ಸೇರಿಸಿರಲಿಲ್ಲ. ಮಾತು ಬಂದ ನಂತರ ಬೇರೊಂದು ಕಡೆ ಕೃತಜ್ಞತೆಯ ಪಟ್ಟಿಯಲ್ಲಿ ಹಾಕಿದರು.

ಈಗ ಬೆಂಗಳೂರಿಗೆ ಬರೋಣ. 1997ರಲ್ಲಿ ರಾಜೇಶ್ ರಾವ್ ಎಂಬವರು ಅಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆ ಕಟ್ಟಿದರು. ನಮ್ಮ ದೇಶದಲ್ಲಿ ವಿಡಿಯೋ ಗೇಮಿನ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಅದು ಒಂದು. ಹೊರದೇಶದ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರಕೆಲಸವನ್ನು ಗುತ್ತಿಗೆಯ ಮೇಲೆ ಮಾಡಿಕೊಡುವುದು ಅದರ ಮುಖ್ಯ ಕಸುಬು. ಮೈಕ್ರೋಸಾಫ್ಟಿನವರ ಫೋರ್ಜಾ ಎಂಬ ಕಾರಿನ ಪಂದ್ಯದ ಆಟದಲ್ಲಿ ಓಡುವ ಎಷ್ಟೋ ಕಾರುಗಳನ್ನು ಇಲ್ಲಿನ ಹುಡುಗರು ಗೆರೆಗೆರೆಯಾಗಿ ಕಟ್ಟಿದ್ದಾರೆ. ಪೆಟ್ಟಿಗೆಯ ಪೀಳಿಗೆ ಬದಲಾದಂತೆಲ್ಲ ಚಿತ್ರ ಇನ್ನೂ ನುಣುಪಾಗಬೇಕು, ಇನ್ನೂ ನಿಜದಂತಿರಬೇಕು. ಒಂದು ಕಾರಿಗೆ ಹಿಡಿಯುವ ದುಡಿಮೆ ಹೆಚ್ಚುತ್ತದೆ. ದುಬಾರಿ ದೇಶದಲ್ಲಿ ಮಾಡಿಸಿದರೆ ಹೊರೆ, ಆದುದರಿಂದ ಬೆಂಗಳೂರು. ಪೀಳಿಗೆಯ ಲೆಕ್ಕಾಚಾರದಲ್ಲಿ ನಮ್ಮ ರಾಜ್ಯಕ್ಕೆ ಸಿಕ್ಕ ಪಾತ್ರ ಇದು.

ಆ ಸಂಸ್ಥೆ ಕೈ ಬದಲಾದ ಬಗೆಯನ್ನು ನೋಡಿ. 2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಅದರ ನೂರಕ್ಕೆ ತೊಂಬತ್ತು ಪಾಲನ್ನು 85 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿತು. ಎರಡು ವರ್ಷದಲ್ಲಿ ಆ ಸ್ವೀಡನ್ನಿನವರ ಒಂದು ದೊಡ್ಡ ಆಟ ನೆಲಕಚ್ಚಿತು. 2018ರ ಡಿಸೆಂಬರಿನಲ್ಲಿ ಅವರು ಸಾಲಗಾರರಿಂದ ರಕ್ಷಣೆ ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2019ರ ಮೇ ತಿಂಗಳಲ್ಲಿ ಧ್ರುವವನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರಿಗೆ ಮಾರಿದರು. ಮುನ್ನೂರಕ್ಕೂ ಹೆಚ್ಚು ನೌಕರರು ಮೂರು ವರ್ಷದೊಳಗೆ ಮೂರು ಯಜಮಾನರನ್ನು ಕಂಡರು. ಗ್ರ್ಯಾಂಡ್ ಥೆಫ್ಟ್ ಆಟೋ 5 ಮೂರು ದಿನದಲ್ಲಿ 100 ಕೋಟಿ ಡಾಲರ್ ತಂದಿತೆಂದು ಮೇಲೆ ಹೇಳಿದೆವು. 79 ಲಕ್ಷ ಎಂದರೆ ಆ ಲೆಕ್ಕದಲ್ಲಿ ಅರ್ಧ ಗಂಟೆಯ ಸುತ್ತಿನ ವ್ಯಾಪಾರ. ಹಲಗೆಯ ಮೇಲೆ ಭಾಗಾಕಾರ ಮಾಡಿ ನೋಡಿದರೆ ಯಾವ ಹುಡುಗನಾದರೂ ಹೇಳುತ್ತಾನೆ.

ಒಂದೇ ಆಟವನ್ನು ಮೂರು ಪೀಳಿಗೆಗೆ ಮಾರಿದಾಗ ಮೂರು ಸಲವೂ ಲಾಭ ಬರುತ್ತದೆ. ಆ ಆಟದ ರಸ್ತೆಯನ್ನು, ಮನೆಯನ್ನು, ಮರವನ್ನು ಬರೆದವನಿಗೆ ಸಂಬಳ ಬಂದುದು ಒಂದು ಸಲ. ಮರುಮಾರಾಟದಲ್ಲಿ ಅವನಿಗೆ ಹಕ್ಕಿನ ಪಾಲು ಎಂಬುದಿಲ್ಲ. ನಾವು ಎತ್ತುವ ಮುಖ್ಯ ಪ್ರಶ್ನೆ ಇದೇ. ಇದು ಆಗದ ಮಾತೆಂದು ಯಾರೂ ಹೇಳಬೇಕಾಗಿಲ್ಲ. ಸಿನಿಮಾ ಹಾಡು ಬರೆದವನೂ ರಾಗ ಕಟ್ಟಿದವನೂ ಹಿಂದೆ ಒಂದು ಸಲ ಹಣ ಪಡೆದು ಕೈತೊಳೆದುಕೊಳ್ಳಬೇಕಾಗಿತ್ತು. ಹಾಡು ರೇಡಿಯೋದಲ್ಲಿ, ಟಿವಿಯಲ್ಲಿ ಸಾವಿರ ಸಲ ನುಡಿದರೂ ಲಾಭ ನಿರ್ಮಾಪಕನದು, ಕ್ಯಾಸೆಟ್ ಕಂಪನಿಯದು. 2012ರಲ್ಲಿ ನಮ್ಮ ಪಾರ್ಲಿಮೆಂಟು ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿ ತಂದು, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗಲೆಲ್ಲ ಅವರಿಗೆ ರಾಯಧನದ ಪಾಲುಂಟು, ಅದನ್ನು ಕರಾರಿನಲ್ಲಿ ಬಿಟ್ಟುಕೊಡಿಸಿಕೊಂಡರೂ ಆ ಕರಾರು ನಡೆಯದು ಎಂದು ವಿಧಿಸಿತು. ಹಾಡಿಗೆ ಆದ ನ್ಯಾಯ ಆಟದ ಚಿತ್ರಕ್ಕೆ ಯಾಕೆ ಆಗಬಾರದು?

ಅಮೆರಿಕದಲ್ಲಿ ಆಟಗಳಿಗೆ ದನಿ ಕೊಡುವ ಕಲಾವಿದರು ಇದನ್ನೇ ಕೇಳಿ 2016ರ ಅಕ್ಟೋಬರಿನಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿದರು. ಇಪ್ಪತ್ತು ಲಕ್ಷ ಪ್ರತಿ ಮಾರಾಟವಾದಂತೆಲ್ಲ ತಮಗೊಂದು ಹೆಚ್ಚುವರಿ ಸಿಗಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದು. ಮಾರಾಟದ ಪಾಲನ್ನು ಕಂಪನಿಗಳು ಒಪ್ಪಲಿಲ್ಲ. ಕೆಲಸಕ್ಕೆ ಬಂದ ಸರದಿಗಳ ಲೆಕ್ಕದಲ್ಲಿ ಹೆಚ್ಚುವರಿ ಕೊಡಲು ಒಪ್ಪಿದವು. ಕೇಳಿದುದೆಲ್ಲ ಸಿಗಲಿಲ್ಲ, ಸಂಘವಿದ್ದುದರಿಂದ ಅಷ್ಟಾದರೂ ಸಿಕ್ಕಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರರ ಸಂಘ ಹುಟ್ಟಿದುದು 2017ರಲ್ಲಿ. 2024ರ ಜುಲೈನಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂದಾಗ ಬೀದಿಗಿಳಿದು ವಿರೋಧಿಸಿದುದು ಆ ಸಂಘವೇ. ಎಂಟು ಗಂಟೆಯ ದಿನಕ್ಕೆ ಗಿರಣಿ ಕಾರ್ಮಿಕರು ಪಟ್ಟ ಪಾಡನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಹವಾನಿಯಂತ್ರಣದ ಕೋಣೆಯಲ್ಲಿ ಕುಳಿತ ಮಾತ್ರಕ್ಕೆ ಹದಿನಾಲ್ಕು ಗಂಟೆ ಎಂಟಾಗುವುದಿಲ್ಲ.

ಇದೇ ಸರಣಿಯ ಆರನೆಯ ಆಟದ ಮೇಲೆ ಈಗ ಎಲ್ಲರ ಕಣ್ಣು. ಐದನೆಯದಕ್ಕೂ ಇದಕ್ಕೂ ನಡುವೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಂದಿದೆ. ನಮ್ಮ ರೈತ ಧಾರಣೆಗಾಗಿ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಕಾಯುವುದೇ ಕಷ್ಟ. ಮಗಳ ಮದುವೆ, ಸೊಸೈಟಿ ಸಾಲ ಅವನನ್ನು ಕೆಳಗಿಳಿಸುತ್ತವೆ. ಇವರು ಹನ್ನೆರಡು ವರ್ಷ ಅಟ್ಟದಲ್ಲಿಟ್ಟರು, ಏಕೆಂದರೆ ಹಳೆಯ ಕಾಯಿಯೇ ಮತ್ತೆ ಮತ್ತೆ ಮಾರಾಟವಾಗುತ್ತಿತ್ತು. ಮೊದಲು 2025 ಎಂದರು, ಆಮೇಲೆ 2026ರ ಮೇ 26 ಎಂದರು, 2025ರ ನವೆಂಬರಿನಲ್ಲಿ ಅದನ್ನೂ ಮುಂದೂಡಿ 2026ರ ನವೆಂಬರ್ 19 ಎಂದು ಸಾರಿದರು. ಪ್ರಕಟಿಸಿದ ಪ್ರಕಾರ ಅದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸಿಗೆ ಮಾತ್ರ. ಪ್ಲೇಸ್ಟೇಷನ್ 4 ಇಟ್ಟುಕೊಂಡವನು ಹೊಸ ಪೆಟ್ಟಿಗೆ ಕೊಳ್ಳಬೇಕು. ಕಂಪ್ಯೂಟರಿನವನಿಗೆ ದಿನವನ್ನೇ ಹೇಳಿಲ್ಲ. ಐದನೆಯ ಆಟದಲ್ಲಿ ಅವನನ್ನು ಒಂದೂವರೆ ವರ್ಷ ಕಾಯಿಸಿದ್ದರೆಂಬುದನ್ನು ನೆನೆದರೆ ಸಾಕು.

ಮುಂದೂಡಿದುದರಿಂದ ನೌಕರರಿಗೆ ಉಸಿರಾಡಲು ಸಮಯ ಸಿಕ್ಕಿದರೆ ನಮಗೆ ಸಂತೋಷವೇ. ಆದರೆ ಆ ಪ್ರಕಟಣೆಗೆ ಒಂದು ವಾರ ಮುಂಚೆ, 2025ರ ಅಕ್ಟೋಬರ್ ಕೊನೆಗೆ, ಇಂಗ್ಲೆಂಡ್ ಸ್ಕಾಟ್ಲೆಂಡ್ ಕೆನಡಾಗಳಲ್ಲಿ ರಾಕ್‌ಸ್ಟಾರ್ ಮೂವತ್ತಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಅವರು ಸಂಘ ಕಟ್ಟುತ್ತಿದ್ದರು, ಅದಕ್ಕೇ ತೆಗೆದರು ಎಂದು ಬ್ರಿಟನ್ನಿನ ಕಾರ್ಮಿಕ ಸಂಘ ಹೇಳಿತು. ಗುಟ್ಟಿನ ಮಾಹಿತಿಯನ್ನು ಹೊರಗೆ ಹಂಚಿದರು, ಅದಕ್ಕೇ ತೆಗೆದೆವು ಎಂದು ಕಂಪನಿ ಹೇಳಿತು. ನ್ಯಾಯ ತೀರ್ಮಾನಿಸುವವರು ನಾವಲ್ಲ. ಆದರೆ ಬಿಡುಗಡೆಯ ದಿನ ಹತ್ತಿರವಾದಾಗಲೇ ಸಂಘಕ್ಕೆ ಬಲ ಹೆಚ್ಚು ಎಂಬುದನ್ನು ಗಿರಣಿಯಲ್ಲಿ ಒಂದು ಸಲ ಮುಷ್ಕರ ನೋಡಿದವನೂ ಬಲ್ಲ, ಯಜಮಾನನೂ ಬಲ್ಲ.

ಕರ್ನಾಟಕ ಸರ್ಕಾರ ಈ ಉದ್ಯಮಕ್ಕೆಂದೇ 2012ರಲ್ಲಿ ಒಂದು ನೀತಿ ಮಾಡಿತು, 2024ರಿಂದ 29ರವರೆಗೆ ಇನ್ನೊಂದನ್ನು ಹೊರಡಿಸಿದೆ. ಪ್ರೋತ್ಸಾಹಧನ, ತರಬೇತಿ, ಜಾಗ ಇವೆಲ್ಲ ಜನರ ತೆರಿಗೆಯ ಹಣ. ನೆರವು ಪಡೆಯುವ ಕಂಪನಿ ಇಲ್ಲಿ ದುಡಿದವರ ಹೆಸರನ್ನು, ನಡುವೆ ಬಿಟ್ಟುಹೋದವರನ್ನೂ ಸೇರಿಸಿ, ಆಟದ ಪಟ್ಟಿಯಲ್ಲಿ ಹಾಕಬೇಕು. ಬಿಡುಗಡೆಯ ಮುಂಚಿನ ತಿಂಗಳುಗಳಲ್ಲಿ ಹೆಚ್ಚು ಹೊತ್ತು ದುಡಿಸಿದರೆ ಅದಕ್ಕೆ ಲೆಕ್ಕವಿಡಬೇಕು, ಹಣ ಕೊಡಬೇಕು. ಅದೇ ಆಟವನ್ನು ಮುಂದಿನ ಪೀಳಿಗೆಗೆ ಮಾರಿದಾಗ ಅವರಿಗೊಂದು ಪಾಲು ಸಲ್ಲಬೇಕು. ನೆರವಿನ ಕಾಗದದಲ್ಲಿ ಈ ಷರತ್ತುಗಳನ್ನು ಬರೆಯಲು ವಿಧಾನಸೌಧದವರಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ತಾಲ್ಲೂಕುಗಳ ಶಾಸಕರು ಕೊಬ್ಬರಿಯ ಬೆಂಬಲ ಬೆಲೆಗೆ ಸದನದಲ್ಲಿ ದನಿಯೆತ್ತುತ್ತಾರೆ. ಅದೇ ಕೊಬ್ಬರಿ ಮಾರಿದ ಹಣದಲ್ಲಿ ಓದಿ ಬೆಂಗಳೂರು ಸೇರಿದ ಮಕ್ಕಳ ಪರವಾಗಿ ಬರುವ ಅಧಿವೇಶನದಲ್ಲಿ ಇದೊಂದು ಪ್ರಶ್ನೆಯನ್ನೂ ಕೇಳಲಿ: 2012ರಿಂದ ಈವರೆಗೆ ನೆರವು ಪಡೆದ ಕಂಪನಿಗಳು ಯಾವುವು, ಯಾರಿಗೆ ಎಷ್ಟು ಕೊಟ್ಟಿದ್ದೀರಿ, ಅದರಲ್ಲಿ ದುಡಿಯುವವನ ಹೆಸರಿಗೆ ಹಾಕಿದ ಷರತ್ತು ಒಂದಾದರೂ ಇದೆಯೇ?